‘ಬರದ ಏಲಕ್ಕಿ’: ಘಮವೂ ಉಂಟು, ಜೊಳ್ಳೂ ಉಂಟು

2024ರ ಕೊನೆಯಲ್ಲಿ ಸಕಲೇಶಪುರದ ಕಡೆ ಹೋಗಿದ್ದಾಗ ಹೆದ್ದಾರಿ ಬದಿಯ ಸಾಂಬಾರ ಪದಾರ್ಥಗಳ ಅಂಗಡಿಯೊಂದರಲ್ಲಿ 100 ಗ್ರಾಂ ಹಸಿರು ಏಲಕ್ಕಿ ಕೊಂಡೆ. ‘ಬರದಲ್ಲಿ ಬೆಳೆದದ್ದು, ಅದಕ್ಕೇ ದುಪ್ಪಟ್ಟು ಘಮ’ ಎಂದು ಪೊಟ್ಟಣದ ಮೇಲೆ ಚೀಟಿ ಅಂಟಿಸಿದ್ದರು. 2023ರ ಮುಂಗಾರು ಕೈಕೊಟ್ಟು, ಮರುವರ್ಷದ ಬೇಸಿಗೆಯೂ ಸುಟ್ಟುಹಾಕಿದ್ದರಿಂದ ಬರದ ಮಾತಿನಲ್ಲಿ ಅನುಮಾನವಿರಲಿಲ್ಲ. ಪರೀಕ್ಷಿಸಬೇಕಿದ್ದುದು ಘಮದ ಮಾತನ್ನು.

ಅದು ಪೂರ್ತಿ ಸುಳ್ಳೇನಲ್ಲ. ಬೇರಿಗೆ ನೀರು ಸಾಲದಾದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನ್ ಹೆಚ್ಚಿ, ಎಲೆಯ ರಂಧ್ರಗಳು ಮುಚ್ಚಿಕೊಳ್ಳುತ್ತವೆ ಮತ್ತು ಬರ ತಾಳಲು ನೆರವಾಗುವ ಜೀನ್‌ಗಳು ಚುರುಕಾಗುತ್ತವೆ. ಇಂಗಾಲದ ಡೈಆಕ್ಸೈಡ್ ಒಳಬರುವುದು ಕಡಿಮೆಯಾದರೂ ಬಿಸಿಲು ಬೀಳುತ್ತಲೇ ಇರುವುದರಿಂದ, ಸಕ್ಕರೆ ಮಾಡಲು ಬಳಕೆಯಾಗದೆ ಮಿಕ್ಕ ಶಕ್ತಿಯ ಒಂದು ಪಾಲು ಟರ್ಪೀನ್‌ಗಳೆಂಬ ಸುವಾಸನೆಯ ಸಂಯುಕ್ತಗಳ ಕಡೆಗೆ ಹರಿಯುತ್ತದೆ ಎಂಬ ವಿವರಣೆಯಿದೆ. ಮಿತವಾದ ಬರದಲ್ಲಿ ಬೆಳೆದ ಸೇಜ್ ಎಂಬ ಸುವಾಸನೆಯ ಮೂಲಿಕೆಯ ಎಲೆಯಲ್ಲಿ, ತೂಕಕ್ಕೆ ಹೋಲಿಸಿದರೆ, ಟರ್ಪೀನ್ ಹೆಚ್ಚಿರುವುದು ಕಂಡುಬಂದಿದೆ. ಆದರೆ ಸೇಜ್ ಮೆಡಿಟರೇನಿಯನ್ ತೀರದ ಒಣಬಿಸಿಲಿಗೆ ಪಳಗಿದ ಗಿಡ. ಏಲಕ್ಕಿಯೋ ಮರದ ನೆರಳು, ತೇವದ ಮಣ್ಣು ಬೇಡುವ, ಮೇಲ್ಮಣ್ಣಿನಲ್ಲೇ ಬೇರು ಹರಡಿಕೊಂಡಿರುವ ಸುಕುಮಾರಿ. ಅಲ್ಲಿನ ಲಾಭವನ್ನು ಇಲ್ಲಿ ಹಾಗೆಯೇ ಎಣಿಸಲಾಗದು.

ಮನೆಗೆ ಬಂದು 20 ಕಾಯಿಗಳನ್ನು ಬಿಳಿ ತಟ್ಟೆಯ ಮೇಲೆ ಬಿಡಿಸಿದೆ. 13ರಲ್ಲಿ ಬೀಜ ಕಪ್ಪಗೆ, ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗಿತ್ತು. ಉಗುರಿನಿಂದ ಒತ್ತಿದೊಡನೆ ಏಲಕ್ಕಿ ಎಣ್ಣೆಯ ಒಂದು ಮುಖ್ಯ ಅಂಶವಾದ ಸಿನಿಯೋಲ್‌ನ ತಂಪು ಘಾಟು ಮೂಗಿಗೆ ಏರಿ, ಹಿಂದೆಯೇ ಇನ್ನೊಂದು ಅಂಶವಾದ ಟರ್ಪಿನೈಲ್ ಅಸಿಟೇಟಿನ ಹೂವಿನಂಥ ಸಿಹಿ ವಾಸನೆ ಬಂತು. ಈ ಬೀಜಗಳ ಪಾಯಸಕ್ಕೂ ಚಹಾಕ್ಕೂ ನನ್ನ ದೂರಿಲ್ಲ. ಉಳಿದ 7 ಕಾಯಿಗಳದ್ದು ಬೇರೆ ಕಥೆ: ಸಿಪ್ಪೆ ಹಸಿರಾಗಿ ಅಂದವಾಗಿಯೇ ಇದ್ದರೂ ಒಳಗೆ ತಿಳಿಕಂದು ಬಣ್ಣದ ಸುಕ್ಕು ಬೀಜ, ಎರಡರಲ್ಲಂತೂ ಬರೀ ಜೊಳ್ಳು. ಘಮ ಕೊಡುವ ಎಣ್ಣೆ ಬಹುಪಾಲು ಇರುವುದು ಬೀಜದಲ್ಲಿ, ಸಿಪ್ಪೆಯಲ್ಲಿ ಅಲ್ಲ. ಬೀಜ ತುಂಬುವ ಹೊತ್ತಿಗೆ ಗಿಡ ಸೊರಗಿದರೆ ಯಾವ ಜೀನ್ ಎಷ್ಟು ಚುರುಕಾದರೂ ಆ ಎಣ್ಣೆಗೆ ನೆಲೆಯೇ ಇರುವುದಿಲ್ಲ. ಗಟ್ಟಿ ಬೀಜದ ಘಮ ಕೂಡ ಚೆನ್ನಾಗಿತ್ತು ಎನ್ನಬಹುದೇ ಹೊರತು, ಹಳೆಯ ವರ್ಷಗಳದ್ದಕ್ಕಿಂತ ದುಪ್ಪಟ್ಟು ಎನ್ನಲು ನನ್ನ ಮೂಗು ಒಪ್ಪಲಿಲ್ಲ.

ಒಣಗಿಸಿದ ರೀತಿ ಮೆಚ್ಚುವಂತಿದೆ. ಹೊಗೆಯ ವಾಸನೆ ಇಲ್ಲ, ಬಣ್ಣ ಮಾಸಿಲ್ಲ. ಪೊಟ್ಟಣ ಮಾತ್ರ ತೆಳು ಪ್ಲಾಸ್ಟಿಕ್, ಮೊದಲ ದಿನವೇ ಡಬ್ಬಿಗೆ ಸುರಿದುಕೊಳ್ಳಬೇಕಾಯಿತು. ಆ ಚೀಟಿ ಕಿತ್ತುಹಾಕಿ, ಜೊಳ್ಳು ಆರಿಸಿ ಕೊಡುವುದಾದರೆ ಇದೇ ಬೆಲೆಗೆ ಮತ್ತೆ ಕೊಳ್ಳುತ್ತೇನೆ.