ಫೈರ್‌ವಾಲ್ ಡಬ್ಬಿ ಇಟ್ಟುಕೊಂಡಿರೋರು ನೋಡಿ: ‘ಡಿಸ್ಕ್ ತುಂಬಿದೆ, ದೊಡ್ಡದು ಹಾಕಿಸಿ’ ಅಂದರೆ ದುಡ್ಡು ಕೊಡಬೇಡಿ

ಮನೆಯ ನೆಟ್‌ವರ್ಕಿಗೂ ಇಂಟರ್ನೆಟ್ಟಿಗೂ ನಡುವೆ ಕಾವಲು ಕೂರುವ ರೆಡಿಮೇಡ್ ಫೈರ್‌ವಾಲ್ ಕಂಪ್ಯೂಟರ್ ಮಾರುವವರು ‘ಸರ್, ನಿಮ್ಮ ಡಿಸ್ಕ್ ತುಂಬಿಹೋಗಿದೆ, ದೊಡ್ಡದು ಹಾಕಿಸಿಕೊಳ್ಳಿ’ ಎಂದ ಕೂಡಲೇ ಯುಪಿಐ ತೆರೆಯಬೇಡಿ. ಮೊದಲು ಆ ಡಬ್ಬಿಯ ಶೆಲ್‌ಗೆ, ಅಂದರೆ ಕಮಾಂಡ್ ಟೈಪ್ ಮಾಡುವ ಪರದೆಗೆ ಹೋಗಿ ‘ಜಿಪಾರ್ಟ್ ಶೋ’ (gpart show) ಅಂತ ಒಂದು ಕಮಾಂಡ್ ಹೊಡೆಯಿರಿ. ಡಿಸ್ಕ್ ಎಷ್ಟು ದೊಡ್ಡದು, ಅದನ್ನು ಹೇಗೆ ಭಾಗ ಮಾಡಿದ್ದಾರೆ ಅಂತ ತೋರಿಸುತ್ತದೆ. ಅಷ್ಟೇ. ಇದನ್ನು ಹೇಳಲಿಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಉಳಿದದ್ದೆಲ್ಲ ನನ್ನ ಸಿಟ್ಟು.

ಮನೆಯಲ್ಲಿ ಇಬ್ಬರು ಇಲ್ಲಿಂದಲೇ ಆಫೀಸ್ ಕೆಲಸ ಮಾಡುತ್ತೇವೆ. ಟಿವಿ, ಕ್ಯಾಮೆರಾ, ಮಕ್ಕಳ ಟ್ಯಾಬು ಎಲ್ಲ ಒಂದೇ ಫೈಬರ್ ಲೈನ್ ಮೇಲೆ. ಆ ಲೈನಿನ ಜೊತೆ ಬಂದ ರೂಟರ್ ಸಾಲದು ಅನ್ನಿಸಿ ಬೆಂಗಳೂರಿನ ಒಬ್ಬ ಮಾರಾಟಗಾರರಿಂದ ಮೈಸೂರಿಗೆ ಒಂದು ಡಬ್ಬಿ ತರಿಸಿಕೊಂಡೆ. ಇಂಟೆಲ್ ಎನ್100, ಫ್ಯಾನ್ ಇಲ್ಲ, ನಾಲ್ಕು 2.5 ಗಿಗಾಬಿಟ್ ಪೋರ್ಟ್, 8 ಜಿಬಿ ರ‍್ಯಾಮ್, 128 ಜಿಬಿ ಎಸ್‌ಎಸ್‌ಡಿ. ಓಪಿಎನ್‌ಸೆನ್ಸ್ ಹಾಕಿ, ಸೆಟಪ್ ಮಾಡಿಯೇ ಕಳಿಸುತ್ತೇವೆ ಎಂದರು. ಅದು ಪುಕ್ಕಟೆ ಸಿಗುವ ಫೈರ್‌ವಾಲ್ ಸಾಫ್ಟ್‌ವೇರ್. 2015ರಲ್ಲಿ ಪಿಎಫ್‌ಸೆನ್ಸ್ ಎಂಬ ಅದೇ ಬಗೆಯ ಸಾಫ್ಟ್‌ವೇರ್‌ನಿಂದ ಕವಲೊಡೆದದ್ದು. ಎರಡೂ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ ನಿಂತಿವೆ, ಹಾಗಾಗಿ ಪಿಎಫ್‌ಸೆನ್ಸ್ ಇರೋರಿಗೂ ಈ ಕಥೆ ಅನ್ವಯಿಸುತ್ತದೆ. ಸೆಟಪ್ ಚಾರ್ಜ್ ಬೇರೆ ತೆಗೆದುಕೊಂಡರು. ಇರಲಿ, ಎಲ್ಲರೂ ತಗೊಳ್ತಾರೆ. ಅಂಗಡಿಯ ಹೆಸರು ಬರೆಯುವುದಿಲ್ಲ, ದೂರು ಇನ್ನೂ ನಡೆಯುತ್ತಿದೆ.

ಶುರುವಿನಲ್ಲಿ ಚೆನ್ನಾಗಿಯೇ ಓಡಿತು. ಆಮೇಲೆ ವಿಚಿತ್ರ ಕಾಟ. ಒಂದು ರೂಲ್ ಬದಲಿಸಿದರೆ ಸೇವ್ ಆಗದು. ಲಾಗ್ ಪುಟ ಖಾಲಿ. ಮೀಟಿಂಗ್ ನಡುವೆ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ನಿಂತುಹೋಗುವುದು. ಡ್ಯಾಶ್‌ಬೋರ್ಡ್ ನೋಡಿದರೆ ಡಿಸ್ಕ್ ಪೂರ್ತಿ ಕೆಂಪು. ಫೋನ್ ಮಾಡಿದೆ. ‘ಲಾಗ್ ಜಾಸ್ತಿ ಆಗಿದೆ ಸರ್, ಕ್ಲಿಯರ್ ಮಾಡಿ’ ಎಂದರು. ಮಾಡಿದೆ. ದಾಳಿ ಪತ್ತೆಹಚ್ಚುವ ಸುರಿಕಾಟ ಆಫ್ ಮಾಡಿದೆ, ಟ್ರಾಫಿಕ್ ಲೆಕ್ಕ ಇಡುವ ನೆಟ್‌ಫ್ಲೋ ಡೇಟಾ ಅಳಿಸಿದೆ. ಸ್ವಲ್ಪ ದಿನ ತಣ್ಣಗಿತ್ತು, ಮತ್ತೆ ತುಂಬಿತು.

ಆಗ ಕಣ್ಣಿಗೆ ಬಿದ್ದದ್ದು ಆ ಕೆಂಪು ಪಟ್ಟಿಯ ಪಕ್ಕದ ಅಂಕಿ. ಒಟ್ಟು ಜಾಗವೇ 12 ಜಿ ಅಂತಿದೆ! ದುಡ್ಡು ಕೊಟ್ಟದ್ದು 128ಕ್ಕೆ. ಬಿಲ್ಲಿನಲ್ಲೂ 128 ಅಂತಲೇ ಇದೆ. ಉಳಿದದ್ದು ಎಲ್ಲಿ?

ಇಲ್ಲಿಂದ ಅವರ ಉತ್ತರಗಳು ಶುರು. ಒಂದೊಂದನ್ನೂ ಬರೆಯುತ್ತೇನೆ, ಯಾಕಂದ್ರೆ ನಿಮಗೂ ಇದನ್ನೇ ಹೇಳುತ್ತಾರೆ.

ಮೊದಲನೆಯದು: ‘ಸರ್, ಕಂಪನಿಯವರು ಸಾವಿರದ ಲೆಕ್ಕದಲ್ಲಿ ಹೇಳ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ತೋರಿಸುತ್ತೆ. ಅದಕ್ಕೇ ಕಮ್ಮಿ ಕಾಣೋದು.’ ಕೇಳಲಿಕ್ಕೆ ಸರಿಯಾಗೇ ಇದೆ. ಆದರೆ ಆ ಲೆಕ್ಕದಲ್ಲಿ 128 ಅನ್ನುವುದು 119 ಆಗುತ್ತದೆ. 12 ಹೇಗಾಗುತ್ತದೆ ಸ್ವಾಮಿ? ಕೇಳಿದ್ದಕ್ಕೆ ಅರ್ಧ ದಿನ ಸದ್ದಿಲ್ಲ.

ಎರಡನೆಯದು: ‘ಜೆಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಸರ್ ಇದು. ಇದರಲ್ಲಿ ಡಿಎಫ್ ಸರಿಯಾಗಿ ತೋರಿಸಲ್ಲ, ನಂಬಬೇಡಿ.’ ಇದು ಅರ್ಧ ನಿಜ. ಅರ್ಧ ನಿಜ ಹೇಳುವವರಷ್ಟು ಅಪಾಯದವರು ಇನ್ನಿಲ್ಲ. ಡಿಎಫ್ ಅಂದರೆ ಡಿಸ್ಕಿನ ಜಾಗ ತೋರಿಸುವ ಕಮಾಂಡ್. ಜೆಡ್‌ಎಫ್‌ಎಸ್‌ನಲ್ಲಿ ಜಾಗವೆಲ್ಲ ‘ಪೂಲ್’ ಎಂಬ ಒಂದೇ ರಾಶಿ, ಅದನ್ನು ಹಂಚಿಕೊಳ್ಳುವ ವಿಭಾಗಗಳು ಡೇಟಾಸೆಟ್. ಇಲ್ಲಿ ‘ಡಿಎಫ್ -ಎಚ್’ ತೋರಿಸುವ ಒಟ್ಟು ಗಾತ್ರ ಅಂದರೆ ಆ ಒಂದು ಡೇಟಾಸೆಟ್ ಬಳಸಿದ್ದು ಮತ್ತು ಪೂಲ್‌ನಲ್ಲಿ ಉಳಿದದ್ದು, ಎರಡರ ಮೊತ್ತ. ಪಕ್ಕದ ಡೇಟಾಸೆಟ್ಟೋ ಹಳೆಯ ಸ್ನ್ಯಾಪ್‌ಶಾಟೋ (ಆ ಹೊತ್ತಿನ ಸ್ಥಿತಿ ಉಳಿಸಿಟ್ಟದ್ದು) ಜಾಗ ತಿಂದರೆ ಇಲ್ಲಿ ಡಿಸ್ಕೇ ಕುಗ್ಗಿದ ಹಾಗೆ ಕಾಣುತ್ತದೆ. ಇದನ್ನು ಓದಿ ತಿಳಿದುಕೊಂಡು, ಹೌದಲ್ವಾ, ಹಾಗೇ ಇರಬೇಕು ಅಂತ ಮನೆಯವರಿಗೂ ವಿವರಿಸಿಬಿಟ್ಟೆ. ಈಗ ಅದನ್ನೇ ಹೇಳಿ ಹೇಳಿ ನಗುತ್ತಾರೆ.

ಮೂರನೆಯದು ಕೇಳಿ. ‘ಸೆಕ್ಯುರಿಟಿ ಡಿವೈಸ್ ಅಲ್ವಾ ಸರ್, ಅದಕ್ಕೆ ಹಿಡನ್ ಏರಿಯಾ ಇರುತ್ತೆ. ಕಸ್ಟಮರ್‌ಗೆ ಕಾಣಲ್ಲ.’ ನೂರು ಜಿಬಿ ಹಿಡನ್ ಏರಿಯಾ! ಕಿವಿ ಮೇಲೆ ಹೂವಲ್ಲ, ಇಡೀ ಹಾರವನ್ನೇ ಇಟ್ಟರು.

ಕೊನೆಗೆ ಧ್ವನಿ ಬದಲಾಯಿತು. ‘ಡಿಸ್ಕ್ ವೀಕ್ ಆಗಿರಬಹುದು ಸರ್. ನಿಮ್ಮ ಮನೇಲಿ ಯೂಸೇಜೂ ಜಾಸ್ತಿ. 256 ಹಾಕಿಬಿಡೋಣ, ಲೈಫ್‌ಟೈಮ್ ಚಿಂತೆ ಇರಲ್ಲ.’ ಡಿಸ್ಕಿಗೂ ಸರ್ವಿಸ್‌ಗೂ ಸೇರಿ 4,500 ರೂಪಾಯಿ. ಮನೆಯಲ್ಲಿ ಮೀಟಿಂಗು ಕಡಿದುಹೋಗುತ್ತಿದ್ದವು, ಅದು ಅವರಿಗೂ ಗೊತ್ತಿತ್ತು. ಕೊಟ್ಟೆ. ಡಬ್ಬಿ ಕೊರಿಯರ್‌ನಲ್ಲಿ ಬೆಂಗಳೂರಿಗೆ ಹೋಯಿತು. ಅಷ್ಟೂ ದಿನ ಫೋನಿನ ಹಾಟ್‌ಸ್ಪಾಟ್ ಮೇಲೆ ಬದುಕಿದೆವು.

ಡಬ್ಬಿ ವಾಪಸ್ ಬಂತು. ಮೇಲೆ ಹೊಸ ಸ್ಟಿಕ್ಕರ್, ‘256 ಜಿಬಿ’. ವೈರು ಚುಚ್ಚಿ ಲಾಗಿನ್ ಆದೆ. ಶೆಲ್‌ನಲ್ಲಿ ‘ಡಿಎಫ್ -ಎಚ್’ ಹೊಡೆದೆ.

12 ಜಿ.

ಮತ್ತೆ ಹೊಡೆದೆ. 12 ಜಿ. ಸ್ಕ್ರೀನ್ ತಪ್ಪಿರಬೇಕು ಅಂತ ರೀಬೂಟ್ ಮಾಡಿ ಮತ್ತೆ ಹೊಡೆದೆ. ಅದೇ ಅಂಕಿ. ಡಿಸ್ಕ್ ದುಪ್ಪಟ್ಟು ಆಗಿದೆ, ಜಾಗ ಒಂದು ಕೂದಲೆಳೆಯಷ್ಟೂ ಜಾಸ್ತಿ ಆಗಿಲ್ಲ. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ಸಿಟ್ಟಿಗಿಂತ ಮುಂಚೆ ಬಂದದ್ದು ನಾಚಿಕೆ. ಪಕ್ಕದಲ್ಲಿ ನಿಂತಿದ್ದ ಮಗ ‘ಅಪ್ಪಾ, ಸ್ಟಿಕ್ಕರ್ ಮಾತ್ರ ಬದಲಾಯಿಸಿದ್ದಾರಾ?’ ಅಂದ. ಉತ್ತರ ಇರಲಿಲ್ಲ.

ಮೆಸೇಜ್ ಹಾಕಿದೆ. ಬಂದ ಉತ್ತರ ಇದು: ‘ಸರ್, ಪರ್ಸೆಂಟ್ ನೋಡಿ. ಮುಂಚೆ 97 ಇತ್ತು, ಈಗ ಎಷ್ಟು ಕಮ್ಮಿ ಆಗಿದೆ ನೋಡಿ.’ ಕಮ್ಮಿ ಆಗದೆ ಏನು? ನನ್ನ ಲಾಗುಗಳೆಲ್ಲ ಹಳೆ ಡಿಸ್ಕಿನ ಜೊತೆ ಹೋಗಿವೆಯಲ್ಲ! ಖಾಲಿ ಇರೋದರಿಂದ ಪರ್ಸೆಂಟ್ ಕಮ್ಮಿ. ಅದನ್ನೇ ಅಪ್‌ಗ್ರೇಡ್ ಅಂತ ತೋರಿಸಿ ನಾಮ ಹಾಕಿದ್ದಾರೆ.

ಆ ರಾತ್ರಿ ಕೂತು ನೋಡಿದೆ. ‘ಜೆಡ್‌ಪೂಲ್ ಲಿಸ್ಟ್’ ಹೊಡೆದರೆ ಇಡೀ ಪೂಲಿನ ಗಾತ್ರವೇ 12.5 ಜಿ. ಅಲ್ಲಿಗೆ ‘ಡಿಎಫ್ ನಂಬಬೇಡಿ’ ಮಾತು ಸತ್ತಿತು. ಆಮೇಲೆ ‘ಜಿಪಾರ್ಟ್ ಶೋ’. ಮೊದಲ ಸಾಲಿನಲ್ಲೇ ಎಲ್ಲ ಬಯಲಾಯಿತು: ಎಡಿಎ0 (ಡಿಸ್ಕಿನ ಹೆಸರು), ಜಿಪಿಟಿ (ಡಿಸ್ಕಿನ ಭಾಗಗಳ ಪಟ್ಟಿಯ ಬಗೆ), 238 ಜಿ, ಪಕ್ಕದಲ್ಲಿ ಚೌಕ ಕಂಸದೊಳಗೆ ದೊಡ್ಡಕ್ಷರದಲ್ಲಿ ‘ಕರಪ್ಟ್’. 238 ಅಂದರೆ 256ರ ಡಿಸ್ಕೇ, ಅದು ಸುಳ್ಳಲ್ಲ. ಕೆಳಗೆ ಪಾರ್ಟಿಷನ್‌ಗಳು, ಅಂದರೆ ಡಿಸ್ಕಿನ ಭಾಗಗಳು: ಸಿಸ್ಟಮ್ ಶುರುಮಾಡುವ ಇಎಫ್‌ಐ ಮತ್ತು ಬೂಟ್, ರ‍್ಯಾಮ್ ಸಾಲದಾಗ ಬಳಸುವ 2 ಜಿಯ ಸ್ವಾಪ್, ಒಂದು ಪುಟ್ಟ ಜೆಡ್‌ಎಫ್‌ಎಸ್ ಪಾರ್ಟಿಷನ್. ಮುಗಿಯಿತು.

ಅಂದರೆ ಇವರು ಓಪಿಎನ್‌ಸೆನ್ಸ್ ಇನ್‌ಸ್ಟಾಲ್ ಮಾಡಿಯೇ ಇಲ್ಲ. ಯಾವಾಗಲೋ ಒಂದು 16 ಜಿಬಿ ಡಿಸ್ಕಿನಲ್ಲಿ ಸೆಟಪ್ ಮಾಡಿ, ಅದರ ಪಡಿಯಚ್ಚನ್ನು ಬರೋ ಗಿರಾಕಿಗಳ ಡಿಸ್ಕಿಗೆಲ್ಲ ‘ಡಿಡಿ’ ಕಮಾಂಡಿನಿಂದ ಒತ್ತುತ್ತಿದ್ದಾರೆ. ಡಿಸ್ಕ್ 128 ಇರಲಿ, 256 ಇರಲಿ, ಪಾರ್ಟಿಷನ್ ಮಾತ್ರ ಆ 16ರ ಅಳತೆಯದ್ದೇ. ಜಿಪಿಟಿ ಟೇಬಲ್ಲಿನ ಒಂದು ಬ್ಯಾಕಪ್ ನಕಲು ಡಿಸ್ಕಿನ ಕಟ್ಟಕಡೆಯಲ್ಲಿ ಇರಬೇಕು. ಸಣ್ಣ ಡಿಸ್ಕಿನ ಪಡಿಯಚ್ಚು ದೊಡ್ಡದಕ್ಕೆ ಬಿದ್ದಾಗ ಆ ಬ್ಯಾಕಪ್ ನಡುದಾರಿಯಲ್ಲೇ ಉಳಿಯುತ್ತದೆ, ಅದಕ್ಕೇ ‘ಕರಪ್ಟ್’ ಅಂತ ಬರುವುದು. ಡಿಸ್ಕ್ ವೀಕ್ ಆಗಿಲ್ಲ. ಏನೂ ಆಗಿಲ್ಲ. ಮೂರು ಮಹಡಿ ಮನೆಯ ಬಾಡಿಗೆ ಇಸಿದುಕೊಂಡು ಒಂದೇ ರೂಮಿನ ಬೀಗದ ಕೈ ಕೊಟ್ಟು, ಜಾಗ ಸಾಲಲ್ಲ ಅಂದರೆ ಆರು ಮಹಡಿಯದು ತಗೊಳ್ಳಿ ಅಂದ ಹಾಗಾಯಿತು.

ಸರಿಮಾಡಲಿಕ್ಕೆ ಬೇಕಾದದ್ದು ಮೂರೇ ಸಾಲು. ಮೊದಲು ಕಾನ್ಫಿಗರೇಷನ್ ಬ್ಯಾಕಪ್ ಇಳಿಸಿಕೊಂಡೆ. ‘ಜಿಪಾರ್ಟ್ ರಿಕವರ್ ಎಡಿಎ0’ ಹೊಡೆದೆ, ಕರಪ್ಟ್ ಹೋಯಿತು, ಕೊನೆಯಲ್ಲಿ ಇನ್ನೂರು ಜಿಗೂ ಜಾಸ್ತಿ ‘ಫ್ರೀ’ ಅಂತ ಕಂಡಿತು. ಕಣ್ಣಾರೆ ಕಂಡೆ. ‘ಜಿಪಾರ್ಟ್ ರೀಸೈಜ್ -ಐ 4 ಎಡಿಎ0’ ಅಂತ ನಾಲ್ಕನೇ ಪಾರ್ಟಿಷನ್ ಹಿಗ್ಗಿಸಿದೆ. ‘ಜೆಡ್‌ಪೂಲ್ ಆನ್‌ಲೈನ್ -ಇ ಜೆಡ್‌ರೂಟ್ ಎಡಿಎ0ಪಿ4’ ಅಂತ ಪೂಲಿಗೆ ತಿಳಿಸಿದೆ. ರೀಬೂಟ್ ಕೂಡ ಬೇಕಾಗಲಿಲ್ಲ. ಇದನ್ನೇ ಹಳೆಯ 128ರ ಡಿಸ್ಕಿನಲ್ಲಿ ಫೋನಿನಲ್ಲೇ ಹೇಳಿ ಮಾಡಿಸಬಹುದಿತ್ತು. ಪಾರ್ಟಿಷನ್ ನಂಬರ್, ಪೂಲಿನ ಹೆಸರು ನಿಮ್ಮಲ್ಲಿ ಬೇರೆ ಇರಬಹುದು, ನೋಡಿಕೊಂಡು ಹೊಡೆಯಿರಿ. ಜೆಡ್‌ಎಫ್‌ಎಸ್ ಬದಲು ಯುಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಆಗಿದ್ದರೆ ಸ್ವಾಪ್ ಕೊನೆಯಲ್ಲಿ ಅಡ್ಡ ಕೂತಿರುತ್ತದೆ, ಅದನ್ನು ತೆಗೆದು, ಪಾರ್ಟಿಷನ್ ಹಿಗ್ಗಿಸಿ, ಆಮೇಲೆ ಫೈಲ್ ಸಿಸ್ಟಮ್ ಹಿಗ್ಗಿಸುವ ‘ಗ್ರೋಎಫ್‌ಎಸ್’ ಮಾಡಬೇಕು.

ಇಷ್ಟಕ್ಕೇ ನಿಂತಿದ್ದರೆ 4,500 ಹೋಯಿತು ಅಂತ ಬಿಡುತ್ತಿದ್ದೆನೇನೋ. ಪಡಿಯಚ್ಚು ಅಂದಮೇಲೆ ತಲೆಯಲ್ಲಿ ಇನ್ನೊಂದು ಹುಳ ಕೊರೆಯಿತು. ಇದೇ ಅಂಗಡಿಯಿಂದ ತರಿಸಿದ್ದ ಗೆಳೆಯನೊಬ್ಬನಿಗೆ ಅವನ ಡಬ್ಬಿಯ ಎಸ್‌ಎಸ್‌ಎಚ್ ಹೋಸ್ಟ್ ಕೀ ಫಿಂಗರ್‌ಪ್ರಿಂಟ್ ಕಳಿಸು ಎಂದೆ. ದೂರದಿಂದ ಲಾಗಿನ್ ಆಗುವಾಗ ಡಬ್ಬಿಯ ಗುರುತು ಅದು, ಪ್ರತಿ ಡಬ್ಬಿಗೂ ಬೇರೆ ಬೇರೆ ಇರಬೇಕು. ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿದರೆ ಅಕ್ಷರಕ್ಕೆ ಅಕ್ಷರ ಒಂದೇ. ವೆಬ್ ಪುಟದ ಸರ್ಟಿಫಿಕೇಟೂ ಒಂದೇ. ಅಂದರೆ ನನ್ನ ಡಬ್ಬಿಯ ಗುಟ್ಟಿನ ಕೀ ಅವನ ಹತ್ತಿರ ಇದೆ, ಅವನದ್ದು ನನ್ನ ಹತ್ತಿರ, ಇನ್ನು ಆ ಅಂಗಡಿಯ ಎಷ್ಟು ಗಿರಾಕಿಗಳ ಹತ್ತಿರವೋ. ಫೈರ್‌ವಾಲ್ ಅಂತ ಮಾರುತ್ತಾರೆ ಇದನ್ನು!

‘ನನ್ನ ಹಳೆ ಡಿಸ್ಕ್ ವಾಪಸ್ ಕೊಡಿ’ ಎಂದೆ. ‘ಅದು ಸ್ಕ್ರ್ಯಾಪ್‌ಗೆ ಹೋಯ್ತು ಸರ್.’ ಅಳಿಸಿದ್ದೀರಾ? ‘ಅದು ಡೆಡ್ ಅಲ್ವಾ ಸರ್, ಯಾರು ನೋಡ್ತಾರೆ.’ ಡೆಡ್ ಆಗಿರಲಿಲ್ಲ ಎಂದು ಈಗ ನನಗೆ ಗೊತ್ತು, ಅವರಿಗೂ ಗೊತ್ತು. ಅದರಲ್ಲಿರುವ ಕಾನ್ಫಿಗ್ ಫೈಲಿನಲ್ಲಿ ನನ್ನ ಫೈಬರ್ ಲೈನಿಗೆ ಲಾಗಿನ್ ಆಗುವ ಪಿಪಿಪಿಒಇ ಪಾಸ್‌ವರ್ಡ್ ಇದೆ, ವೈರ್‌ಗಾರ್ಡ್ ಎಂಬ ವಿಪಿಎನ್‌ನ ಪ್ರೈವೇಟ್ ಕೀ ಇದೆ. ಅದೇ ಡಿಸ್ಕಿನಲ್ಲಿ ಮನೆಯವರು ಯಾವ ಸೈಟಿಗೆ ಹೋದರೆಂಬ ಡಿಎನ್‌ಎಸ್ ಲಾಗ್ ಕೂಡ ಇದೆ. ಎಲ್ಲ ಪಾಸ್‌ವರ್ಡ್, ಎಲ್ಲ ಕೀ ಬದಲಿಸಿದೆ. ಆಮೇಲೆ ಡಬ್ಬಿಯನ್ನೇ ಪೂರ್ತಿ ಒರೆಸಿ, ಓಪಿಎನ್‌ಸೆನ್ಸ್‌ನವರ ಸೈಟಿನಿಂದಲೇ ಇಮೇಜ್ ಇಳಿಸಿ, ಫೈಲ್ ಅಸಲಿಯೇ ಅಂತ ಚೆಕ್‌ಸಮ್ ತಾಳೆ ನೋಡಿ, ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ರೂಲ್‌ಗಳನ್ನು ಕೈಯಿಂದಲೇ ಮತ್ತೆ ಹಾಕಿದೆ. ಹಳೆ ಬ್ಯಾಕಪ್ ಹಾಕಿದ್ದರೆ ಅವರ ಸರ್ಟಿಫಿಕೇಟೂ ಜೊತೆಗೇ ಬರುತ್ತಿತ್ತು.

ಹಾಗಂತ ಡಿಸ್ಕ್ ತುಂಬಿದ ಕೂಡಲೇ ಎಲ್ಲರನ್ನೂ ಕಳ್ಳರು ಅನ್ನಬೇಡಿ. ‘ಜಿಪಾರ್ಟ್ ಶೋ’ ಸರಿಯಿದ್ದರೆ ‘ಜೆಡ್‌ಎಫ್‌ಎಸ್ ಲಿಸ್ಟ್ -ಟಿ ಸ್ನ್ಯಾಪ್‌ಶಾಟ್’ ಮತ್ತು ‘ಬಿಇಸಿಟಿಎಲ್ ಲಿಸ್ಟ್’ ನೋಡಿ. ಅಪ್‌ಡೇಟ್‌ಗೆ ಮುಂಚೆ ತೆಗೆದಿಟ್ಟ ಹಳೆ ಬೂಟ್ ಎನ್ವಿರಾನ್‌ಮೆಂಟ್‌ಗಳು (ಸಿಸ್ಟಮ್ಮಿನ ಹಳೆ ಪ್ರತಿಗಳು) ಸುಮ್ನೆ ಜಾಗ ಹಿಡಿದುಕೊಂಡಿರುತ್ತವೆ. ಅವು ಇರುವ ತನಕ ಫೈಲ್ ಅಳಿಸಿದರೂ ಜಾಗ ಬಿಡುವುದಿಲ್ಲ, ಫೈಲುಗಳ ಗಾತ್ರ ಲೆಕ್ಕಹಾಕುವ ‘ಡಿಯು’ ಕಮಾಂಡಿಗೆ ಕಾಣುವುದೂ ಇಲ್ಲ. ಅಥವಾ ಯಾವುದಾದರೂ ಸರ್ವಿಸ್ ಅಳಿಸಿದ ಲಾಗನ್ನು ಇನ್ನೂ ತೆರೆದಿಟ್ಟುಕೊಂಡಿರುತ್ತದೆ, ಅದನ್ನು ರೀಸ್ಟಾರ್ಟ್ ಮಾಡಿದರೆ ಸಾಕು. ಇದೆಲ್ಲ ಹೇಳಬೇಕಾದವರು ಸೆಟಪ್ ಚಾರ್ಜ್ ತೆಗೆದುಕೊಂಡವರು. ಅವರು ಹೇಳಿದ್ದು ಹಿಡನ್ ಏರಿಯಾ. ಇನ್ನು ಯಾರೇ ಡಿಸ್ಕ್ ಬದಲಿಸಿದರೂ ಹಳೆಯದನ್ನು ಬಿಟ್ಟು ಬರಬೇಡಿ. ಸತ್ತಿದೆ ಅಂದರೂ ಸರಿ, ಇಸಿದುಕೊಳ್ಳಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಎರಡು ‘ಡಿಎಫ್’ ಚಿತ್ರ, ಆ ‘ಕರಪ್ಟ್’ ಸಾಲಿನ ಚಿತ್ರ, ಎರಡು ಬಿಲ್ಲು, ಮೆಸೇಜುಗಳು ಎಲ್ಲ ಸೇರಿಸಿದ್ದೇನೆ. ಕೇಳುತ್ತಿರುವುದು 4,500 ಮತ್ತು ಆ ಹಳೆ ಡಿಸ್ಕ್. ಅಂಗಡಿಯವರ ಕಡೆಯಿಂದ ನಿನ್ನೆ ಬಂದ ಮೆಸೇಜ್: ‘ಸರ್, ನೀವೇ ಪಾರ್ಟಿಷನ್ ಚೇಂಜ್ ಮಾಡಿದ್ದೀರಿ, ಹಾಗಾಗಿ ವಾರಂಟಿ ಹೋಯ್ತು. ಬೇಕಿದ್ದರೆ ಮತ್ತೆ ಕಳಿಸಿ, ಪೇಯ್ಡ್ ಸರ್ವಿಸ್‌ನಲ್ಲಿ ಒರಿಜಿನಲ್ ಇಮೇಜ್ ಹಾಕಿಕೊಡ್ತೀವಿ.’ ಅದನ್ನೂ ದೂರಿಗೆ ಸೇರಿಸಿದ್ದೇನೆ.