ಕ್ರೋನಿ: ‘ಸಿಸ್ಟಮ್ ಟೈಮ್’ ಸಾಲೊಂದನ್ನೇ ನಂಬಿ ಕೂರಬೇಡಿ

ಬೆಳಿಗ್ಗೆ ಕಚೇರಿಗೆ ಬಂದವನು ಮೊದಲು ಟೈಪ್ ಮಾಡುವುದು ಗಡಿಯಾರದ ಸ್ಥಿತಿ ತೋರಿಸುವ ‘ಕ್ರೋನಿಸಿ ಟ್ರ್ಯಾಕಿಂಗ್’ ಎಂಬ ಆದೇಶ. ಮೇಲ್, ಚಹಾ ಎಲ್ಲ ಆಮೇಲೆ. ಹಲವು ವರ್ಷಗಳಿಂದ ನಮ್ಮ ಲಿನಕ್ಸ್ ಸರ್ವರ್‌ಗಳ ಗಡಿಯಾರ ಕಾಯುತ್ತಿರುವುದು ಸಮಯ ಹೊಂದಿಸುವ ತಂತ್ರಾಂಶವಾದ ಕ್ರೋನಿಯೇ. ಇನ್‌ಸ್ಟಾಲ್ ಮಾಡುವುದು ಹೇಗೆ ಎಂದು ಇಲ್ಲಿ ಹೇಳುವುದಿಲ್ಲ, ರೆಡ್ ಹ್ಯಾಟ್ ಬಳಸುವವರಿಗೆ ಅದು ಜೊತೆಗೇ ಬರುತ್ತದೆ.

‘ಟ್ರ್ಯಾಕಿಂಗ್’ ತೋರಿಸುವ ಸಾಲುಗಳಲ್ಲಿ ನನಗೆ ಅಚ್ಚುಮೆಚ್ಚು ‘ಫ್ರೀಕ್ವೆನ್ಸಿ’ ಎಂಬ ಸಾಲು. ಯಂತ್ರದೊಳಗಿನ ಕ್ವಾರ್ಟ್ಜ್ ಹರಳು ಎಷ್ಟು ಅವಸರ ಮಾಡುತ್ತಿದೆ, ಎಷ್ಟು ತಡ ಮಾಡುತ್ತಿದೆ ಎಂಬುದನ್ನು ಅದು ಪಿಪಿಎಂನಲ್ಲಿ (ಹತ್ತು ಲಕ್ಷಕ್ಕೆ ಎಷ್ಟು ಎಂದು) ಹೇಳುತ್ತದೆ. 20 ಪಿಪಿಎಂ ಎಂದರೆ, ತಿದ್ದದೆ ಬಿಟ್ಟರೆ ದಿನಕ್ಕೆ ಸುಮಾರು 1.7 ಸೆಕೆಂಡ್ ವ್ಯತ್ಯಾಸ. ಒಟ್ಟಿಗೆ ಕೊಂಡ ಒಂದೇ ಮಾದರಿಯ ಯಂತ್ರಗಳಲ್ಲೂ ಈ ಅಂಕಿ ಬೇರೆ ಬೇರೆ. ಕಲಬುರಗಿಯ ಮೇ ತಿಂಗಳಲ್ಲಿ ರಾತ್ರಿ ಎಸಿ ಕೈಕೊಟ್ಟರೆ ಬೆಳಿಗ್ಗೆ ಎಲ್ಲ ಸರ್ವರ್‌ಗಳ ಅಂಕಿಯೂ ಜರುಗಿರುತ್ತದೆ, ಹರಳಿಗೆ ಶಾಖ ತಾಗಿದ್ದು ನೇರವಾಗಿ ಅಲ್ಲಿ ಕಾಣುತ್ತದೆ. ಸರ್ವರ್ ರೂಮಿನ ಬಾಗಿಲು ತೆಗೆಯುವ ಮೊದಲೇ ಎಸಿ ರಿಪೇರಿಯವರಿಗೆ ಫೋನ್ ಮಾಡಿದ್ದುಂಟು. ಕಲಿತ ಅಂಕಿಯನ್ನು ಕ್ರೋನಿ ಡ್ರಿಫ್ಟ್ ಫೈಲಿನಲ್ಲಿ ಬರೆದಿಡುವುದರಿಂದ ಕರೆಂಟ್ ಹೋಗಿ ಬಂದರೂ ಮತ್ತೆ ಮೊದಲಿನಿಂದ ಶುರುಮಾಡಬೇಕಿಲ್ಲ.

ಸಿಟ್ಟು ಬರಿಸಿದ್ದು ‘ಸಿಸ್ಟಮ್ ಟೈಮ್’ ಸಾಲು. ಎನ್‌ಟಿಪಿಗಿಂತ (ನೆಟ್‌ವರ್ಕ್ ಮೂಲಕ ಸಮಯ ಸರ್ವರ್‌ಗಳಿಂದ ಪಡೆಯುವ ಸಮಯ) 0.000012 ಸೆಕೆಂಡ್ ಹಿಂದೆ ಎಂದು ಓದಿದರೆ ಯಾರಿಗಾದರೂ ನೆಮ್ಮದಿಯೇ. ಆದರೆ ಫೈರ್‌ವಾಲ್ ಬದಲಾಯಿಸಿದ ಸಮಯದಲ್ಲಿ ನಮ್ಮಲ್ಲಿ ಎನ್‌ಟಿಪಿ ಸಂದೇಶಗಳು ಓಡಾಡುವ ಯುಡಿಪಿ 123 ಪೋರ್ಟ್ ಮುಚ್ಚಿಹೋಯಿತು. ಹೊರಗಿನಿಂದ ಯಾವ ಉತ್ತರವೂ ಬರುತ್ತಿಲ್ಲ, ಈ ಸಾಲು ಮಾತ್ರ ಸೊನ್ನೆಯ ಪಕ್ಕದಲ್ಲೇ ಕೂತಿದೆ, ಗಡಿಯಾರ ಹೊಂದಿಕೆಯಾಗಿದೆಯೇ ಎಂದು ಹೇಳುವ ‘ಲೀಪ್ ಸ್ಟೇಟಸ್’ ಕೂಡ ನಾರ್ಮಲ್! ಆ ಸಾಲು ತೋರಿಸುವುದು ಕ್ರೋನಿಯ ಅಂದಾಜಿಗೂ ಸಿಸ್ಟಮ್ ಗಡಿಯಾರಕ್ಕೂ ಇರುವ ಅಂತರವನ್ನು. ಅಂದಾಜೇ ಹಳಸಿದ್ದರೆ ಅಂತರ ಚಿಕ್ಕದಿದ್ದು ಏನು ಪ್ರಯೋಜನ? ನಿಜ ಸಂಗತಿ ಬೇರೆ ಸಾಲುಗಳಲ್ಲಿತ್ತು. ಮೂಲದಿಂದ ಕೊನೆಯ ಅಳತೆ ಸಿಕ್ಕ ಹೊತ್ತನ್ನು ಹೇಳುವ ‘ರೆಫ್ ಟೈಮ್’ ಹಿಂದಿನ ದಿನದಲ್ಲೇ ನಿಂತಿತ್ತು. ಅಂದಾಜಿನ ಅನಿಶ್ಚಿತತೆ ಹೇಳುವ ‘ರೂಟ್ ಡಿಸ್ಪರ್ಶನ್’ ಏರುತ್ತಲೇ ಇತ್ತು, ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಅದು ದಿನಕ್ಕೆ 86 ಮಿಲಿಸೆಕೆಂಡಿಗೂ ಹೆಚ್ಚು ಏರುತ್ತದೆ. ಸಮಯದ ಮೂಲಗಳನ್ನು ತೋರಿಸುವ ‘ಸೋರ್ಸಸ್’ ಪಟ್ಟಿಯಲ್ಲಿ ರೀಚ್ 377 ಇದ್ದರೆ ಕಳೆದ ಎಂಟು ಸಲ ಕೇಳಿದಾಗಲೂ ಉತ್ತರ ಬಂದಿದೆ ಎಂದರ್ಥ. ನಮ್ಮದು 0.

ಕೈಪಿಡಿಯಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟಿದ್ದಾರೆ: ಸಿಸ್ಟಮ್ ಟೈಮಿನ ಅಂತರ, ರೂಟ್ ಡಿಸ್ಪರ್ಶನ್, ರೂಟ್ ಡಿಲೇಯ (ಮೂಲ ಗಡಿಯಾರದವರೆಗೆ ಸಂದೇಶ ಹೋಗಿ ಬರಲು ಹಿಡಿಯುವ ಸಮಯ) ಅರ್ಧ, ಈ ಮೂರನ್ನೂ ಕೂಡಿಸಿದರೆ ಗಡಿಯಾರ ಹೆಚ್ಚೆಂದರೆ ಎಷ್ಟು ತಪ್ಪಿರಬಹುದು ಎಂದು ಸಿಗುತ್ತದೆ. ಈಗ ನಿಗದಿತ ಹೊತ್ತಿಗೆ ಕೆಲಸ ನಡೆಸುವ ಕ್ರಾನ್‌ನಲ್ಲಿ ಐದು ನಿಮಿಷಕ್ಕೊಮ್ಮೆ ಒಂದು ಚಿಕ್ಕ ಸ್ಕ್ರಿಪ್ಟ್ ಆ ಮೊತ್ತ ತೆಗೆಯುತ್ತದೆ, 100 ಮಿಲಿಸೆಕೆಂಡ್ ದಾಟಿದರೆ ನನಗೆ ಮೇಲ್ ಬರುತ್ತದೆ. ಉಪಗ್ರಹದಿಂದ ನೇರ ಸಮಯ ಪಡೆಯುವ ಜಿಪಿಎಸ್ ರಿಸೀವರ್ ಕೊಳ್ಳುವಷ್ಟು ಬಜೆಟ್ ನಮಗಿಲ್ಲ, ಬೇಕೂ ಇಲ್ಲ. ನಾಲ್ಕು ಸರ್ವರ್‌ಗಳ ಲಾಗ್ ಪಕ್ಕಪಕ್ಕ ಇಟ್ಟಾಗ ಯಾವುದು ಮೊದಲು, ಯಾವುದು ನಂತರ ಎಂದು ತಿಳಿದರೆ ಸಾಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಬಂದ ಮೇಲೆ ಮೂಲಗಳಾಗಿ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ), ಎನ್‌ಪಿಎಲ್ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸರ್ವರ್‌ಗಳನ್ನೇ ಹಾಕಿದ್ದೇವೆ. ಎರಡೇ ಮೂಲ ಇಟ್ಟುಕೊಳ್ಳಬೇಡಿ. ಎರಡೂ ಬೇರೆ ಬೇರೆ ಹೇಳಿದರೆ ಯಾವುದು ಸುಳ್ಳು ಎಂದು ಕ್ರೋನಿಗೆ ಗೊತ್ತಾಗುವುದಿಲ್ಲ, ಮೂರಾದರೂ ಇರಲಿ.

ಮನೆಯ ಒಂದು ಲ್ಯಾಪ್‌ಟಾಪಿಗೆ ಸಮಯ ಹೊಂದಿಸುವ ಇನ್ನೊಂದು ಸರಳ ತಂತ್ರಾಂಶ ಸಿಸ್ಟಮ್‌ಡಿ-ಟೈಮ್‌ಸಿಂಕ್‌ಡಿ ಧಾರಾಳವಾಯಿತು. ಕಚೇರಿಗೆ ಕ್ರೋನಿಯನ್ನೇ ಹಾಕಿ ಎನ್ನುತ್ತೇನೆ. ಗಡಿಯಾರ ತಿದ್ದುವ ಕೆಲಸದಲ್ಲಿ ಅದು ನನಗೆ ಒಮ್ಮೆಯೂ ಮೋಸ ಮಾಡಿಲ್ಲ. ಕ್ರೋನಿ ಬರೆಯುವವರಲ್ಲಿ ನನ್ನದೊಂದೇ ಬೇಡಿಕೆ: ಆ ಮೂರರ ಮೊತ್ತವನ್ನು ‘ಟ್ರ್ಯಾಕಿಂಗ್’ನ ಮೊದಲ ಸಾಲಿನಲ್ಲೇ ತೋರಿಸಿ.