ಬೆಂಗಳೂರಲ್ಲಿ ಜುಜುತ್ಸು ಕ್ಲಬ್ ಹುಡುಕಾಟ: ಮೂರು ಟ್ರಯಲ್ ಕ್ಲಾಸು, ಒಂದು ಉಳುಕಿದ ಮೊಣಕೈ

ಹೋದ ದಸರಾಗೆ ಮೈಸೂರಿಗೆ ಹೋಗಿ ಕುಸ್ತಿ ನೋಡ್ಕೊಂಡು ಬಂದಾಗ ಹತ್ತಿದ ಹುಚ್ಚು ಇದು. ವಯಸ್ಸು 36, ತೂಕ 84 ಕೆಜಿ, ಅದ್ರಲ್ಲಿ ಅರ್ಧ ಹೊಟ್ಟೇನೇ. ಬೆಳಗಿನ ಜಾವ ಎದ್ದು ಗರಡಿ ಮನೆಗೆ ಹೋಗಿ ಸಾಮು ಮಾಡೋ ಕಾಲ ನಂದು ಮುಗೀತು, ಆಫೀಸ್ ಬಿಟ್ಮೇಲೆ ಸಂಜೆ ಏನಾದ್ರೂ ಇದ್ಯಾ ಅಂತ ಹುಡುಕ್ತಾ ಹುಡುಕ್ತಾ ಜುಜುತ್ಸುಗೆ ಬಂದು ನಿಂತೆ. ನಾನಿರೋದು ವಿಜಯನಗರದಲ್ಲಿ. ಮೂರು ಕಡೆ ಟ್ರಯಲ್ ಮಾಡಿದೆ, ಹೆಸ್ರು ಯಾವ್ದೂ ಹೇಳಲ್ಲ, ಅನುಭವ ಮಾತ್ರ ಹೇಳ್ತೀನಿ.

ಬೋರ್ಡಲ್ಲಿ ಜುಜುತ್ಸು ಅಂತ ಇದ್ರೆ ಒಳಗೂ ಅದೇ ಇರುತ್ತೆ ಅಂತ ಅಂದ್ಕೋಬೇಡಿ. ಜಪಾನಿನ ಹಳೇ ಕಾದಾಟದ ಕಲೆ ಜುಜುತ್ಸು ಒಂದು, ಅದನ್ನ ತಿದ್ದಿ ಕಾನೋ ಅನ್ನೋರು 1882ರಲ್ಲಿ ಜೂಡೋ ಮಾಡಿದ್ರು, ಅವ್ರ ಶಾಲೆಯ ಮಯೇದಾ ಅನ್ನೋರು 1914ರಲ್ಲಿ ಬ್ರೆಜಿಲ್‌ಗೆ ಹೋದ್ರು, ಅಲ್ಲಿ ಗ್ರೇಸಿ ಮನೆತನದವ್ರು ಕಲ್ತು ನೆಲದ ಮೇಲಿನ ಪಟ್ಟುಗಳನ್ನೇ ಮುಖ್ಯ ಮಾಡ್ಕೊಂಡು ಬೆಳೆಸಿದ್ದು ಬ್ರೆಜಿಲಿಯನ್ ಜುಜುತ್ಸು, ಎಲ್ರೂ ಬಿಜೆಜೆ ಅಂತಾರೆ. 1993ರಲ್ಲಿ ಮೊದಲ್ನೇ ಯುಎಫ್‌ಸಿಯಲ್ಲಿ, ಅಂದ್ರೆ ಬೇರೆ ಬೇರೆ ಶೈಲಿಯವ್ರು ಕಾದಾಡೋ ಅಮೆರಿಕದ ಪಂದ್ಯದಲ್ಲಿ, ಸಣ್ಣಕ್ಕಿದ್ದ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂರು ಜನರನ್ನ ಸೋಲಿಸಿದ್ಮೇಲೆ ಪ್ರಪಂಚಕ್ಕೆಲ್ಲ ಗೊತ್ತಾಯ್ತು. ನಂಗೆ ಬೇಕಿದ್ದಿದ್ದು ಈ ಬಿಜೆಜೆ.

ಮೊದಲ್ನೇ ಜಾಗ ಮನೆಯಿಂದ ನಡ್ಕೊಂಡು ಹೋದ್ರೆ ಐದು ನಿಮಿಷ, ತಿಂಗಳಿಗೆ 1,500. ಬೋರ್ಡಲ್ಲಿ ಕರಾಟೆ, ಕುಂಗ್‌ಫು, ಜುಜುತ್ಸು, ಯೋಗ, ಪಕ್ಕದಲ್ಲೇ ಭರತನಾಟ್ಯ. ಮಾಸ್ಟರು ಮರದ ಚಾಕು ಕೊಟ್ಟು ಹೀಗೆ ಚುಚ್ಚಕ್ಕೆ ಬನ್ನಿ ಅಂದ್ರು, ಹೋದೆ, ಕೈ ತಿರುಗಿಸಿದ್ರು. ಆಮೇಲೆ ಕೈ ಹಿಡ್ಕೊಂಡಾಗ ಬಿಡಿಸ್ಕೊಳ್ಳೋದು ತೋರಿಸಿದ್ರು. ನಾನು ಸ್ವಲ್ಪ ಗಟ್ಟಿಯಾಗೇ ಹಿಡ್ದೆ, ಜೊತೇಲಿದ್ದ ಹುಡುಗ ಎಷ್ಟು ತಿರುಗಿಸಿದ್ರೂ ಬಿಡ್ಲಿಲ್ಲ, ಮಾಸ್ಟರು ಬಂದು "ಸಾರ್, ನೀವು ಹಂಗೆ ಹಿಡೀಬಾರ್ದು" ಅಂದ್ರು! ಕಳ್ಳಂಗೂ ಹಂಗೇ ಹೇಳ್ಬೇಕೇನೋ. ಇಡೀ ಕ್ಲಾಸಲ್ಲಿ ಒಬ್ರಿಗೊಬ್ರು ನಿಜವಾಗಿ ಬಿದ್ದು ಎದ್ದು ಆಡಿದ್ದು ಇಲ್ವೇ ಇಲ್ಲ, ಆದ್ರೆ ಮೂರು ತಿಂಗಳಿಗೊಂದು ಬೆಲ್ಟ್ ಪರೀಕ್ಷೆ, ಅದಕ್ಕೆ ಬೇರೆ ಫೀಸು. ಮಕ್ಕಳು ಖುಷಿಯಾಗಿದ್ವು, ಅದಂತೂ ನಿಜ.

ಎರಡನೇದು ಸಿಲ್ಕ್ ಬೋರ್ಡ್ ಆಚೆ. ಗೂಗಲ್‌ನಲ್ಲಿ 4.9 ಸ್ಟಾರ್, ಒಳಗೆ ನಿಯಾನ್ ಲೈಟು, ಗೋಡೆ ತುಂಬ ಮೆಡಲ್ಲು, ಪ್ರೋಟೀನ್ ಶೇಕ್ ಕೌಂಟರ್ ಬೇರೆ. ಹೋಗಕ್ಕೆ ನಂಗೆ ಒಂದು ಗಂಟೆ ನಲವತ್ತು ನಿಮಿಷ ಆಯ್ತು, ಅಲ್ಲೇ ಅರ್ಧ ಸುಸ್ತು. ಫೀಸು ತಿಂಗಳಿಗೆ 9,000, ಮೂರು ತಿಂಗಳದ್ದು ಒಟ್ಟಿಗೆ ಕಟ್ಬೇಕು. ವಾರ್ಮಪ್ ಆಯ್ತು, ಒಂದು ಪಟ್ಟು ತೋರಿಸಿದ್ರು, ಆಮೇಲೆ ಹೊಸಬ ಅಂತಾನೂ ನೋಡ್ದೆ 95 ಕೆಜಿ ಬ್ಲೂ ಬೆಲ್ಟ್ ಒಬ್ಬನ ಜೊತೆ ರೋಲ್ ಮಾಡಕ್ಕೆ, ಅಂದ್ರೆ ನಿಜವಾಗಿ ಹಿಡಿದಾಡಕ್ಕೆ ಬಿಟ್ರು. ಅವ್ನು ಆರ್ಮ್‌ಬಾರ್ ಹಾಕ್ದ, ಅಂದ್ರೆ ಮೊಣಕೈ ಹಿಂದಕ್ಕೆ ಬಗ್ಗಿಸೋ ಪಟ್ಟು, ನಾನು ಸೋತೆ ಬಿಡು ಅಂತ ಕೈಯಿಂದ ತಟ್ಟಿ ಟ್ಯಾಪ್ ಮಾಡ್ದೆ, ಅವ್ನು ಇನ್ನೊಂದು ಸಲ ಜಗ್ಗಿ ಆಮೇಲೆ ಬಿಟ್ಟ. ಸಾರಿ ಬ್ರೋ ಅಂತೆ. ಕೋಚ್ ಎಲ್ಲಿದ್ರು ಅಂದ್ರೆ ರಿಸೆಪ್ಷನ್ ಹತ್ರ ರೀಲ್ ಶೂಟ್ ಮಾಡಿಸ್ತಿದ್ರು. ಎರಡು ವಾರ ಎಡಗೈಯಲ್ಲಿ ನೀರಿನ ಬಕೆಟ್ ಎತ್ತಕ್ಕಾಗ್ಲಿಲ್ಲ. ಅಷ್ಟೂ ದಿನ ಅಲ್ಲಿಂದ ಫೋನು, ಕೈ ಹೆಂಗಿದೆ ಅಂತ ಅಲ್ಲ, ಆಫರ್ ಇವತ್ತೇ ಲಾಸ್ಟ್ ಸಾರ್ ಅಂತ.

ಈ ಆಟದಲ್ಲಿ ಟ್ಯಾಪ್ ಅನ್ನೋದೇ ಎಲ್ಲ ಕಣ್ರೀ. ಕೀಲು ತಿರುಚೋದು, ಕುತ್ತಿಗೆ ಅಮುಕೋದು ಇದನ್ನ ಪೂರ್ತಿ ಬಲದಲ್ಲಿ ದಿನಾ ಆಡಿನೂ ಮಾರ್ನೇ ದಿನ ಆಫೀಸಿಗೆ ಹೋಗೋದು ಹೆಂಗೆ ಅಂದ್ರೆ, ಎರಡು ಸಲ ತಟ್ಟಿದ ತಕ್ಷಣ ಎದುರಿನವ್ನು ಬಿಡ್ತಾನೆ ಅನ್ನೋ ಒಂದು ನಂಬಿಕೆ ಮೇಲೆ. ಅದು ಇಲ್ಲದ ಜಾಗದಲ್ಲಿ ಮೆಡಲ್ ಎಷ್ಟಿದ್ರೇನು. ಅದಕ್ಕೇ ಈಗ ಯಾರಾದ್ರೂ ಕೇಳಿದ್ರೆ ಒಂದೇ ಮಾತು ಹೇಳೋದು, ದುಡ್ಡು ಕಟ್ಟೋಕೆ ಮುಂಚೆ ಒಂದ್ ಗಂಟೆ ಮೂಲೇಲಿ ಕೂತು, ದಪ್ಪಗಿರೋರು ಸಣ್ಣಗಿರೋರ ಜೊತೆ ಹೆಂಗೆ ಆಡ್ತಾರೆ, ತಟ್ಟಿದ ಮೇಲೆ ಎಷ್ಟು ಬೇಗ ಬಿಡ್ತಾರೆ ಅಂತ ನೋಡಿ.

ಮೂರನೇದು ಇಂದಿರಾನಗರ ಮೆಟ್ರೋ ಹತ್ರ, ಒಂದು ಅಂಗಡಿ ಮೇಲೆ ಎರಡನೇ ಮಹಡಿ. ವಿಜಯನಗರದಿಂದ ಪರ್ಪಲ್ ಲೈನ್ ಹತ್ತಿದ್ರೆ ಸೀದಾ, ಮೆಜೆಸ್ಟಿಕ್‌ನಲ್ಲಿ ಇಳಿದು ಬದಲಾಯಿಸೋ ತಾಪತ್ರಯನೂ ಇಲ್ಲ. ಹೋದಾಗ ಒಬ್ರು ಬಗ್ಗಿ ಮ್ಯಾಟ್ ಒರೆಸ್ತಿದ್ರು, ಕ್ಲೀನ್ ಮಾಡೋರು ಅಂದ್ಕೊಂಡೆ, ಅವ್ರೇ ಕೋಚು, ಬ್ರೌನ್ ಬೆಲ್ಟು. ಬಾಗಿಲ ಹತ್ರ ದಾರದಲ್ಲಿ ನೇಲ್ ಕಟರ್ ನೇತುಹಾಕಿದ್ದಾರೆ, ಉಗುರು ಬೆಳೆದಿದ್ರೆ ಅಲ್ಲೇ ನಿಂತು ಕತ್ತರಿಸ್ಕೊಂಡು ಒಳಗೆ ಹೋಗ್ಬೇಕು. ಟಾಯ್ಲೆಟ್ಟಿಗೆ ಬರಿಗಾಲಲ್ಲಿ ಹೋಗಿ ಬಂದು ಮ್ಯಾಟ್ ಹತ್ತಿದವ್ನಿಗೆ ಎಲ್ಲರ ಮುಂದೆ ಬೈಗುಳ. ಅತಿ ಆಯ್ತು ಅನ್ನಿಸಿತ್ತು, ಆಮೇಲೆ ಬೇರೆ ಕಡೆ ಹೋಗ್ತಿದ್ದ ಫ್ರೆಂಡು ಕುತ್ತಿಗೆ ಮೇಲೆ ಎರಡು ರೂಪಾಯಿ ಕಾಯಿನ್ ಅಷ್ಟಗಲ ಹುಳುಕಡ್ಡಿ ತೋರಿಸ್ದ, ಅವತ್ತಿಂದ ನಾನೇ ಬೇರೆಯವ್ರ ಉಗುರು ನೋಡ್ತೀನಿ.

ಇಲ್ಲಿ ಮೊದಲ ತಿಂಗಳು ಫುಲ್ ರೋಲ್ ಇಲ್ಲ. ಒಬ್ರು ಮೇಲೆ ಕೂರ್ತಾರೆ, ಕೆಳಗಿರೋನು ತಪ್ಪಿಸ್ಕೋಬೇಕು, ಅಷ್ಟೇ ಆಟ. ಕುಸ್ತೀಲಿ ಬೆನ್ನು ಮಣ್ಣಿಗೆ ತಾಗಿದ್ರೆ ಚಿತ್, ಮುಗೀತು. ಇಲ್ಲಿ ನೋಡಿದ್ರೆ ಬೆನ್ನು ಹಾಕಿ ಮಲ್ಕೊಂಡೇ ಆಟ ಶುರು, ಕಾಲನ್ನ ಎದುರಿನವ್ನ ಸೊಂಟಕ್ಕೆ ಸುತ್ಕೊಂಡು ಕೆಳಗಿಂದಾನೇ ಹಿಡಿತ, ಇದನ್ನ ತಲೆ ಒಪ್ಪೋಕೇ ನಂಗೆ ಮೂರು ವಾರ ಬೇಕಾಯ್ತು. ಎರಡನೇ ತಿಂಗಳು 52 ಕೆಜಿ ಇರೋ ಕಾಲೇಜ್ ಹುಡುಗಿ ಜೊತೆ ಹಾಕಿದ್ರು, ನಾನು ಪಾಪ ಅಂತ ಮೆಲ್ಲಗೆ ಹೋದೆ, ಆಕೆ ನನ್ನದೇ ಗೀ, ಅಂದ್ರೆ ಆಟಕ್ಕೆ ಹಾಕೋ ದಪ್ಪ ಅಂಗಿಯ ಕಾಲರ್ ಹಿಡ್ಕೊಂಡು ಕತ್ತು ಅಮುಕಿದ್ಲು, ಕಣ್ಣು ಮಂಜಾಯ್ತು. ತೋಳಿಗೆ ತಟ್ಟಿದ್ದೇ ತಡ ಬಿಟ್ಲು. "ಅಣ್ಣಾ, ಉಸಿರು ಬಿಗಿ ಹಿಡೀಬೇಡಿ, ಬಿಡಿ" ಅಂತ ಅವ್ಳೇ ಬೆನ್ನು ತಟ್ಟಿದ್ಲು. ಅವತ್ತೇ ಮೂರು ತಿಂಗಳ ದುಡ್ಡು ಕಟ್ಟಿದೆ, ಯಾರೂ ಕೇಳದೇ.

ಬೆಲ್ಟ್ ವಿಚಾರಕ್ಕೆ, ಕೋಚ್ ಬ್ಲ್ಯಾಕ್ ಬೆಲ್ಟೇ ಆಗಿರ್ಬೇಕು ಅಂತೇನಿಲ್ಲ. ವೈಟು, ಬ್ಲೂ, ಪರ್ಪಲ್, ಬ್ರೌನ್, ಬ್ಲ್ಯಾಕ್, ಕೊನೇದು ಬರೋಷ್ಟರಲ್ಲಿ ಸಾಮಾನ್ಯವಾಗಿ ಹತ್ತು ವರ್ಷದ ಹತ್ರ ಆಗುತ್ತೆ. ಯಾರ ಕೈಯಿಂದ ಬೆಲ್ಟ್ ಬಂತು ಅಂತ ಕೇಳಿ, ಸರಿಯಾದೋರು ಥಟ್ ಅಂತ ಹೇಳ್ತಾರೆ. ಬಿಜೆಜೆಯ ಅಂತಾರಾಷ್ಟ್ರೀಯ ಸಂಸ್ಥೆ ಐಬಿಜೆಜೆಎಫ್ ಲೆಕ್ಕದಲ್ಲಿ 16 ತುಂಬದೇ ಬ್ಲೂ ಇಲ್ಲ, 19 ತುಂಬದೇ ಬ್ಲ್ಯಾಕ್ ಇಲ್ಲ, ಹಂಗಾಗಿ ಹನ್ನೆರಡು ವರ್ಷದ ಮಗು ಬಿಜೆಜೆ ಬ್ಲ್ಯಾಕ್ ಬೆಲ್ಟ್ ಅಂತ ಬ್ಯಾನರ್ ಹಾಕಿದ್ರೆ ಆ ಕಡೆ ತಲೆ ಹಾಕ್ಬೇಡಿ.

ಈ ಮೂರನೇ ಜಾಗದ ಮೇಲೆ ತಕರಾರು ಇಲ್ವಾ ಅಂದ್ರೆ ಇದೆ. ತಿಂಗಳಿಗೆ 5,000 ಕಮ್ಮಿ ಏನಲ್ಲ. ಒಂದೇ ಬಾತ್‌ರೂಮು, ಹೆಂಗಸರಿಗೆ ಬಟ್ಟೆ ಬದಲಾಯಿಸಕ್ಕೆ ಒಂದು ಕರ್ಟನ್ ಮಾತ್ರ, ಇದು ಸರಿಯಿಲ್ಲ ಅಂತ ಹೇಳಿದೀವಿ, ಮಾಡಿಸ್ತೀನಿ ಅಂತಾನೇ ಇದಾರೆ. ಪಾರ್ಕಿಂಗ್ ಮರೆತುಬಿಡಿ. ಕೋಚ್ ಕಾಂಪಿಟಿಷನ್‌ಗೆ ಹೋದ ವಾರ ಬ್ಲೂ ಬೆಲ್ಟ್ ಹುಡುಗ ಕ್ಲಾಸ್ ತಗೋತಾನೆ, ಆಟ ಚೆನ್ನಾಗಿದೆ, ಹೇಳಿಕೊಡಕ್ಕೆ ಮಾತ್ರ ಬರಲ್ಲ. ಶುಕ್ರವಾರ ಗೀ ಇಲ್ಲದ ಕ್ಲಾಸು, ಜನ ಜಾಸ್ತಿ, ಪಕ್ಕದವ್ರ ಮೊಣಕಾಲು ಯಾವಾಗ ಬಂದು ತಾಗುತ್ತೆ ಗೊತ್ತಾಗಲ್ಲ, ನಾನು ಹೋಗೋದೇ ಬಿಟ್ಟೆ.

ಸೇರೋರು ಗೀ ಎರಡು ತಗೊಳ್ಳಿ. ಒಂದೇ ಸಾಕು ಅಂತ ನಾನು ಜುಲೈನಲ್ಲಿ ಸೇರಿದ್ದು, ಜಮಖಾನದಷ್ಟು ದಪ್ಪ ಬಟ್ಟೆ, ಜಿಟಿಜಿಟಿ ಮಳೇಲಿ ಮೂರು ದಿನ ಬಾಲ್ಕನೀಲಿ ತೂಗಿದ್ರೂ ಒಣಗ್ಲಿಲ್ಲ, ವಾಸನೆಗೆ ಹೆಂಡ್ತಿ ಅದನ್ನ ಎತ್ಕೊಂಡೋಗಿ ಟೆರೇಸ್ ಮೇಲೆ ನೀರಿನ ಟ್ಯಾಂಕ್ ಹಿಂದೆ ಹಾಕಿ ಬಂದ್ಲು.